ಚಕ್ಕೆಯ ಮುಂಗಾಲು

ಟೈಲ್ಸ್ ಮೇಸ್ತ್ರಿಯನ್ನು ಊಟಕ್ಕೆ ಕರೆಯಲು ನೆಂಟರು ಹಿಂದೆಮುಂದೆ ನೋಡುತ್ತಿದ್ದರು. ಮನುಷ್ಯ ಒಳ್ಳೆಯವನೇ, ಮಾತೂ ಕಡಿಮೆ. ಆದರೆ ಯಾರ ಮನೆಗೆ ಕಾಲಿಟ್ಟರೂ ಅವನ ಕಣ್ಣು ಮೊದಲು ನೆಲಕ್ಕೆ ಹೋಗುತ್ತಿತ್ತು. ಒಮ್ಮೆ ಸೋದರಮಾವ ಕಟ್ಟಿಸಿದ ಹೊಸ ಮನೆಯಲ್ಲಿ ತಟ್ಟೆಯ ಮುಂದೆ ಕೂತವನು, ಒಂದು ತುತ್ತು ಬಾಯಿಗಿಡುವ ಮೊದಲೇ, ಬಚ್ಚಲಿನ ಇಳಿಜಾರು ತಪ್ಪಿದೆ, ನೀರು ಹಾಲ್ ಕಡೆಗೆ ಬರುತ್ತದೆ ಎಂದುಬಿಟ್ಟ. ಮಾವ ಇವತ್ತಿಗೂ ಅವನ ಹತ್ತಿರ ಮುಖ ಕೊಟ್ಟು ಮಾತಾಡುವುದಿಲ್ಲ. ನೀರೂ ಹಾಲ್ ಕಡೆಗೇ ಬರುತ್ತಿದೆ.

ಓರೆಯಾದದ್ದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಅಷ್ಟೆ. ನೆಲದ ಮಟ್ಟ ನೋಡುವ ರಸಮಟ್ಟದ ಗುಳ್ಳೆ ಗೆರೆಯಿಂದ ಕೂದಲೆಳೆಯಷ್ಟು ಆಚೆ ನಿಂತರೂ ಹಾಕಿದ ಟೈಲ್ಸನ್ನು ಎತ್ತಿ ಮತ್ತೆ ಹಾಕುತ್ತಿದ್ದ. ತನ್ನ ಮನೆಯ ನೆಲವನ್ನಂತೂ ಮದುವೆಯಾದ ವರ್ಷ, ಬೇರೆ ಯಾರೂ ಕೈ ಹಚ್ಚದಂತೆ, ಒಬ್ಬನೇ ಮಂಡಿಯೂರಿ ಹಾಸಿದ್ದ. ಹೆಂಡತಿ ಆರಿಸಿದ ಹಾಲಿನ ಬಣ್ಣದ, ಕನ್ನಡಿಯಂತೆ ಹೊಳೆಯುವ ಟೈಲ್ಸು. ಸಂದಿನಲ್ಲಿ ಉಗುರು ಕೂಡ ಸಿಗುತ್ತಿರಲಿಲ್ಲ. ಚಳಿಗಾಲದಲ್ಲಿ ಅವಳು ಕಾಲುಚೀಲ ಹಾಕಿಕೊಂಡು ಅಡುಗೆಮನೆಯಿಂದ ಹಾಲ್‌ವರೆಗೆ ಜಾರಿಕೊಂಡು ಬರುತ್ತಿದ್ದಳು, ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ. ಬೀಳ್ತೀಯ ಎಂದು ಅವನು ಗದರುತ್ತಿದ್ದ. ಅವಳು ಒಂದು ದಿನವೂ ಬೀಳಲಿಲ್ಲ.

ಅವಳು ಹೋದದ್ದು ಶ್ವಾಸಕೋಶದ ಕಾಯಿಲೆಯಿಂದ. ನಿಧಾನವಾಗಿ, ದಿನಕ್ಕಿಷ್ಟು ಎನ್ನುವಂತೆ ಹೋದಳು. ದೊಡ್ಡ ಆಸ್ಪತ್ರೆಯವರು ಎಲ್ಲ ನೋಡಿ, ಮಾಡುವಂಥದ್ದು ಇನ್ನೇನೂ ಇಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದ್ದರು. 'ಮಾಡುವಂಥದ್ದು ಇನ್ನೇನೂ ಇಲ್ಲ' ಎಂಬ ಆ ಮಾತು ಮೇಸ್ತ್ರಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮಗಳ ಆರೈಕೆಗೆಂದು ಬಂದಿದ್ದ ಅತ್ತೆ, ಮಗಳು ಹೋದ ಮೇಲೂ ಆ ಮನೆಯಲ್ಲೇ ಉಳಿದರು. ಹೊರಡುವ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಆದರೆ ಅತ್ತೆ ಅಳಿಯ ನೇರವಾಗಿ ಮಾತಾಡಿದ್ದು ಬಹಳ ಕಡಿಮೆ. ಮೊದಲಿಂದಲೂ ಒಂದು ಸಂಕೋಚ. ನಡುವೆ ಇದ್ದ ಕೊಂಡಿ ಕಳಚಿಕೊಂಡ ಮೇಲೆ ಅದು ಇನ್ನೂ ಬಿಗಿಯಾಯಿತು. ಅವರಿಬ್ಬರ ಮಾತೆಲ್ಲ ಮನೆಯ ನಾಯಿ ಚಕ್ಕೆಯ ಮೂಲಕವೇ ನಡೆಯುತ್ತಿತ್ತು. "ಚಕ್ಕೆ, ನಿಮ್ಮಪ್ಪಂಗೆ ಹೇಳು, ಊಟ ಆರಿಹೋಗ್ತಿದೆ" ಎಂದು ಅತ್ತೆ ಅಡುಗೆಮನೆಯಿಂದ ಹೇಳುವರು. ಚಕ್ಕೆ ಬಾಲ ಅಲ್ಲಾಡಿಸುತ್ತಾ ಮೇಸ್ತ್ರಿಯ ಮುಖ ನೋಡುವಳು. "ಅಜ್ಜಿಗೆ ಹೇಳು, ಕೈ ತೊಳ್ಕೊಂಡು ಬಂದೆ ಅಂತ" ಎಂದು ಅವನು ಅನ್ನುವನು. ಚಕ್ಕೆ ಅಡುಗೆಮನೆಗೆ ಓಡುವಳು. ಮಾತು ತಲುಪುತ್ತಿತ್ತೋ ಇಲ್ಲವೋ, ಊಟವಂತೂ ಆಗುತ್ತಿತ್ತು.

ಚಕ್ಕೆ ಮರಿಯಾಗಿದ್ದಾಗ ಕೆಲಸದ ಜಾಗದಲ್ಲಿ, ಒಡೆದ ಟೈಲ್ಸ್ ಚಕ್ಕೆಗಳ ರಾಶಿಯ ಹಿಂದೆ ಸಿಕ್ಕವಳು. ಮೇಸ್ತ್ರಿ ಉಪಕರಣಗಳ ಚೀಲದಲ್ಲಿ ಹಾಕಿಕೊಂಡು ತಂದು ಹೆಂಡತಿಯ ಮಡಿಲಿಗಿಟ್ಟಿದ್ದ. ಬೆಳೆಯುತ್ತಾ ಹೋದಂತೆ ಬಲಗಡೆಯ ಮುಂಗಾಲು ಹೊರಕ್ಕೆ ಬಾಗತೊಡಗಿತು. ಕೊನೆಗೆ ಪಾದ ಪಕ್ಕಕ್ಕೆ ತಿರುಗಿ ನಿಂತಿತು. ಹಾಗೆಂದು ಅವಳ ಓಟವೇನೂ ನಿಲ್ಲಲಿಲ್ಲ, ತಿರುವಿನಲ್ಲಿ ಮಾತ್ರ ಒಂದು ಕುಪ್ಪಳಿಕೆ ಹೆಚ್ಚಿಗೆ. ನನ್ನ ಮಗಳು ಕುಣಿದುಕೊಂಡೇ ನಡೆಯುತ್ತಾಳೆ ಎಂದು ಹೆಂಡತಿ ನಗುತ್ತಿದ್ದಳು. ಪಕ್ಕದ ಮನೆಯ ಪೇಂಟರ್ ಒಮ್ಮೆ, "ನಿಮ್ಮನೇಲಿ ರಸಮಟ್ಟಕ್ಕೆ ಬಗ್ಗದೇ ಇರೋದು ಇದೊಂದೇ ಕಣೋ" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ.

ಹೆಂಡತಿ ಹೋದ ಮರುವರ್ಷದ ಚಳಿಯಲ್ಲಿ ಚಕ್ಕೆ ಬೆಳಗ್ಗೆ ಎದ್ದಾಗ ಆ ಕಾಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿಯತೊಡಗಿದಳು. ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ, ಪ್ರಾಣಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ತೆಗೆದು ತಾಳ್ಮೆಯಿಂದ ವಿವರಿಸಿದರು. ಮುಂಗಾಲಿನಲ್ಲಿ ಜೋಡಿ ಮೂಳೆಗಳಿರುತ್ತವೆ. ಮರಿಯಾಗಿದ್ದಾಗ ಒಂದಕ್ಕೆ ಏಟು ಬಿದ್ದು ಬೆಳವಣಿಗೆ ನಿಂತಿದೆ, ಇನ್ನೊಂದು ಬೆಳೆಯಲು ಜಾಗವಿಲ್ಲದೆ ಬಿಲ್ಲಿನಂತೆ ಬಾಗಿದೆ. ಭಾರವೆಲ್ಲ ಕೀಲಿನ ಮೇಲೆ ಓರೆಯಾಗಿ ಬೀಳುತ್ತಿದೆ. ಹೀಗೇ ಬಿಟ್ಟರೆ ವಯಸ್ಸಾದಂತೆ ಕೀಲು ಸವೆದು ನೋವು ಹೆಚ್ಚುತ್ತದೆ. ಮೂಳೆಯನ್ನು ಕೊಯ್ದು ನೇರ ಮಾಡಿ ಲೋಹದ ಪಟ್ಟಿ, ಸ್ಕ್ರೂ ಹಾಕಿ ಕೂಡಿಸಬಹುದು. ಹೆಚ್ಚಿನವು ಚೆನ್ನಾಗಿ ಆಗುತ್ತವೆ, ಕೆಲವು ಆಗುವುದಿಲ್ಲ; ಆಪರೇಷನ್ನಿಗಿಂತ ಆಮೇಲಿನ ಆರೈಕೆಯೇ ಕಷ್ಟ; ಯೋಚನೆ ಮಾಡಿ ಬನ್ನಿ ಎಂದರು. ಅವಸರವೇನೂ ಇಲ್ಲ ಎಂದೂ ಹೇಳಿದರು. ಅದೊಂದು ಮಾತು ಮೇಸ್ತ್ರಿಯ ಕಿವಿಗೆ ಬೀಳಲಿಲ್ಲ. ಅವನ ಕಿವಿಗೆ ಬಿದ್ದದ್ದು, ಇಲ್ಲಿ ಮಾಡುವಂಥದ್ದು ಇದೆ ಎಂಬುದಷ್ಟೆ.

ಅಂದು ಸಂಜೆ ಅತ್ತೆ ನಾಯಿಯ ಕಿವಿ ಸವರುತ್ತಾ ಕೇಳಿದರು. "ಚಕ್ಕೆ, ನಿಮ್ಮಪ್ಪನ್ನ ಕೇಳು. ಓಡಾಡ್ಕೊಂಡು ಇರೋಳನ್ನ ಯಾಕೆ ಕೊಯ್ಸಬೇಕು ಅಂತ."

"ಅಜ್ಜಿಗೆ ಹೇಳು, ಮುಂದೆ ನೋವು ತಿನ್ನೋದು ಬೇಡ ಅಂತ."

"ನಿಮ್ಮಮ್ಮ ನಿನ್ನ ಕಾಲಿನ ಬಗ್ಗೆ ಒಂದಿನಾನೂ ಕೊರಗಿದವಳಲ್ಲ ಅಂತ ಹೇಳು."

ಚಕ್ಕೆ ಇಬ್ಬರ ಮುಖವನ್ನೂ ನೋಡಿ ನೋಡಿ ಸಾಕಾಗಿ ಬಾಗಿಲ ಬಳಿ ಹೋಗಿ ಮಲಗಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರಮ್ಮ ತೋರಿಸಿದ ಹೊಸ ಎಕ್ಸ್‌ರೇಯನ್ನು ಮೇಸ್ತ್ರಿ ಆಸ್ಪತ್ರೆಯ ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನೂಲು ಹಿಡಿದಂತೆ ನೆಟ್ಟಗಿತ್ತು ಮೂಳೆ. ಹೆಂಡತಿ ಹೋದ ಮೇಲೆ ಅವನ ಎದೆ ಹಗುರಾದದ್ದು ಆವತ್ತೇ ಮೊದಲು. ಮನೆಗೆ ತಂದು ಅತ್ತೆಯ ಮುಂದೆ ಹಿಡಿದ. ಅತ್ತೆ ಚಿತ್ರ ನೋಡಲಿಲ್ಲ. ಮತ್ತಿನಲ್ಲಿ ತೂಕಡಿಸುತ್ತಿದ್ದ ನಾಯಿಯ, ಅರ್ಧ ಬೋಳಿಸಿದ ಮೈಯನ್ನು ನೋಡಿದರು, ಒಳಗೆ ಹೋಗಿ ತಮ್ಮ ಹಳೆಯ ಶಾಲು ತಂದು ಹೊದಿಸಿದರು.

ಅಲ್ಲಿಂದ ಶುರುವಾಯಿತು ಆರೈಕೆ. ಮೇಸ್ತ್ರಿ ಒಪ್ಪಿಕೊಂಡಿದ್ದ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಕೂತ. ಹಾಲಿನ ಮೂಲೆಯಲ್ಲಿ ಹಲಗೆಗಳಿಂದ ಚಕ್ಕೆಗೆ ಏಳಲು, ತಿರುಗಲು ಆಗುವಷ್ಟೇ ದೊಡ್ಡ ಗೂಡು ಮಾಡಿದ. ಅವಳು ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ಕಿನ ದೊಡ್ಡ ಆಲಿಕೆ ಹಾಕಿದ್ದರು. ಅದರಲ್ಲಿ ಅವಳ ಮುಖ ಲೌಡ್‌ಸ್ಪೀಕರಿನೊಳಗೆ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ನೀರಿನ ಬಟ್ಟಲಿಗೆ, ಗೋಡೆಗೆ, ಹಲಗೆಗೆ ಅದು ಬಡಿದ ಶಬ್ದವೇ ಮನೆಯ ಶಬ್ದವಾಯಿತು. ಹೊರಗೆ ಕರೆದುಕೊಂಡು ಹೋಗಬೇಕಾದರೆ ಎದೆಯ ಕೆಳಗೆ ಟವೆಲ್ಲು ಹಾಕಿ ಎರಡು ತುದಿ ಹಿಡಿದು ಎತ್ತಿಕೊಂಡೇ ನಡೆಸಬೇಕು. ಹೊಳೆಯುವ ನೆಲದ ಮೇಲೆಲ್ಲ ಬಾಗಿಲವರೆಗೆ ರಬ್ಬರ್ ಮ್ಯಾಟು ಹಾಸಿದ. ತಾನು ಹಾಸಿದ ನೆಲ ಮುಚ್ಚಿಹೋದದ್ದರ ಬಗ್ಗೆ ಅವನಿಗೆ ಬೇಸರವೇನೂ ಆಗಲಿಲ್ಲ.

ಕಷ್ಟವಾದದ್ದು ಕಾಲಿನ ವ್ಯಾಯಾಮ. ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು, ಮೊಣಕೈಯ ಕೀಲನ್ನು ಹಿಂದೆಮುಂದೆ ಆಡಿಸಬೇಕು, ಇಲ್ಲದಿದ್ದರೆ ಕೀಲು ಹಿಡಿದುಕೊಳ್ಳುತ್ತದೆ ಎಂದಿದ್ದರು ಡಾಕ್ಟರಮ್ಮ. ಮೇಸ್ತ್ರಿಯ ಕೈ ಸಿಮೆಂಟು ತಿಂದು ಒರಟಾದ ಕೈ. ಎಷ್ಟು ಮೆತ್ತಗೆ ಹಿಡಿದರೂ ಚಕ್ಕೆ ಉಸಿರು ಬಿಗಿಹಿಡಿಯುತ್ತಿದ್ದಳು, ಆಮೇಲೆ ಸಣ್ಣಗೆ ನರಳುತ್ತಿದ್ದಳು. ಒಂದು ದಿನ ಅವನ ಮಣಿಕಟ್ಟನ್ನು ಕಚ್ಚಿದಳು. ಗಾಯವಾಗುವಷ್ಟು ಅಲ್ಲ, ಹಲ್ಲು ತಾಗಿಸಿ ಬಿಟ್ಟಳು ಅಷ್ಟೆ. ಕಚ್ಚಿದ ಮೇಲೆ ತಾನೇ ಹೆದರಿ ಅವನ ಕೈ ನೆಕ್ಕಿದಳು. "ಪರವಾಗಿಲ್ಲ ಮಗಳೇ, ಇನ್ನೊಂಚೂರು" ಎನ್ನುತ್ತಾ ಅವನು ಮತ್ತೆ ಕಾಲು ಹಿಡಿದ. ಗುಳಿಗೆಯನ್ನು ಬೇಯಿಸಿದ ಮೊಟ್ಟೆಯಲ್ಲಿ ಅಡಗಿಸಿ ಕೊಡುವುದು ಅತ್ತೆಯ ಪಾಲಿಗೆ ಬಂತು. ನೋವಿನ ಕೆಲಸವೆಲ್ಲ ಅವನದು, ಮೊಟ್ಟೆಯ ಕೆಲಸ ಅತ್ತೆಯದು. ಹಾಗೆ ಯಾರೂ ಹಂಚಿದ್ದಲ್ಲ, ತಾನಾಗಿಯೇ ಆಯಿತು.

ಒಂದು ಬೆಳಗ್ಗೆ ಚಕ್ಕೆ ಆ ಪಾದವನ್ನು ನೆಲಕ್ಕೆ ಊರಿದಳು. ಊರಿ, ಏನೋ ನೆನಪಾದವಳಂತೆ ಸ್ವಲ್ಪ ಹೊತ್ತು ನಿಂತಳು. ನೆಟ್ಟಗೆ ನಿಂತ ಆ ಕಾಲನ್ನು ನೋಡಿ ಅತ್ತೆ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಳ್ಳುವ ಗುರುತು ಕಾಣುತ್ತಿದೆ, ಇನ್ನು ಸ್ವಲ್ಪ ದಿನ ಹುಷಾರಾಗಿರಿ ಎಂದರು ಡಾಕ್ಟರಮ್ಮ.

ಆಮೇಲೆ ಆದದ್ದಕ್ಕೆ ಯಾರನ್ನು ದೂರುವುದು? ಚಕ್ಕೆ ಮ್ಯಾಟಿನ ಮೇಲೆ ಉಚ್ಚೆ ಹೊಯ್ದುಕೊಂಡಿದ್ದಳು. ಮೇಸ್ತ್ರಿ ಎಲ್ಲ ಮ್ಯಾಟುಗಳನ್ನೂ ತೊಳೆದು ಹೊರಗೆ ಬಿಸಿಲಿಗೆ ಹಾಕಿದ. ಗೂಡಿನೊಳಗಿನ ಹಾಸಿಗೆ ಬದಲಿಸಲು ಒಂದು ಹಲಗೆ ತೆಗೆದಿಟ್ಟು, ಒಣಗಿದ ಬಟ್ಟೆಗೆಂದು ಕಪಾಟಿನತ್ತ ತಿರುಗಿದ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬೆಲ್ ಒತ್ತಿದ. ಚಕ್ಕೆಗೆ ಅವನನ್ನು ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ. ಆಲಿಕೆಯನ್ನೂ ಕಾಲನ್ನೂ ಮರೆತು, ಬೊಗಳುತ್ತಾ ಬಾಗಿಲಿಗೆ ನುಗ್ಗಿದಳು. ನುಣ್ಣಗೆ ಹೊಳೆಯುವ ಆ ನೆಲದ ಮೇಲೆ ಮುಂಗಾಲುಗಳು ಎರಡು ದಿಕ್ಕಿಗೆ ಜಾರಿದವು, ಎದೆ ನೆಲಕ್ಕೆ ಬಡಿಯಿತು. ಆಗ ಅವಳು ಹಾಕಿದ ಕೂಗು ಬೀದಿಯ ಕೊನೆಯವರೆಗೆ ಕೇಳಿತಂತೆ. ಮೇಸ್ತ್ರಿಗೆ ಕೇಳಿದ್ದು ಅದಕ್ಕೂ ಮೊದಲಿನ ಸಣ್ಣ ಶಬ್ದ, ಒಣ ಕಡ್ಡಿ ಮುರಿದಂಥದ್ದು.

ಅಡುಗೆಮನೆಯಿಂದ ಓಡಿಬಂದ ಅತ್ತೆ ನೆಲದ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಗೆ ಎಳೆದುಕೊಂಡರು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅಳಿಯನ ಮುಖವನ್ನೇ ನೋಡಿ ಮಾತಾಡಿದರು.

"ನೆಟ್ಟಗೆ ಮಾಡ್ತೀನಿ ಅಂದ್ರಲ್ಲ."

ಅಷ್ಟೇ ಅಂದದ್ದು. ಗಟ್ಟಿಯಾಗಿಯೂ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಮತ್ತೆ ಕೊಯ್ದು, ಕಿತ್ತುಬಂದಿದ್ದ ಸ್ಕ್ರೂಗಳನ್ನು ತೆಗೆದು, ಬೇರೆ, ಇನ್ನೂ ಉದ್ದನೆಯ ಪಟ್ಟಿ ಹಾಕಿದರು. ಡಾಕ್ಟರಮ್ಮನ ಮುಖ ಈ ಸಲ ಸಪ್ಪಗಿತ್ತು. ಚಕ್ಕೆಯನ್ನು ಮನೆಗೆ ತಂದು ಮಲಗಿಸಿದ ಮರುದಿನ ಬೆಳಗ್ಗೆ, ಅತ್ತೆ ಟೀ ಕಾಸುತ್ತಿರುವಾಗ, ಹಾಲಿನಿಂದ ಸುತ್ತಿಗೆಯ ಏಟು ಕೇಳಿಸಿತು. ಬಂದು ನೋಡಿದರೆ ಮೇಸ್ತ್ರಿ ಉಳಿ ಹಿಡಿದು ನೆಲ ಒಡೆಯುತ್ತಿದ್ದ. ಬಾಗಿಲಿಂದ ಶುರುಮಾಡಿ ಒಂದೊಂದೇ ಟೈಲ್ಸನ್ನು ನಡುವೆ ಹೊಡೆದು ಕಿತ್ತು ಬಿಸಾಡುತ್ತಿದ್ದ. ಗಾರೆ ಗಟ್ಟಿಯಾಗಿ ಹಿಡಿದಿತ್ತು, ಅವನೇ ಹಾಕಿದ್ದಲ್ಲವೇ. ತುಂಡುಗಳು ಗೋಡೆಗೆ ಸಿಡಿದವು. ಬಿಳಿ ಧೂಳು ಅವನ ಹುಬ್ಬಿನ ಮೇಲೂ ಕೂತಿತು. ಬೆರಳು ಹರಿದು ರಕ್ತ ಬರುತ್ತಿದ್ದುದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾದ ಇನ್ನೊಂದೂ ಗೊತ್ತಾಗಲಿಲ್ಲ. ಮೂಲೆಯ ಗೂಡಿನಲ್ಲಿ ಚಕ್ಕೆ ಪ್ರತಿ ಏಟಿಗೂ ಹಲಗೆಗೆ ಬಡಿದುಕೊಳ್ಳುತ್ತಿದ್ದಳು. ಆಲಿಕೆ ಸೀಳಿತ್ತು, ಹಾಸಿಗೆ ಒದ್ದೆಯಾಗಿತ್ತು, ಕಣ್ಣಿನ ಬಿಳಿಯಷ್ಟೇ ಕಾಣುತ್ತಿತ್ತು. ಸುತ್ತಿಗೆಯ ಸದ್ದಿನಲ್ಲಿ ಅವಳ ದನಿ ಮುಳುಗಿಹೋಗಿತ್ತು.

ಪೇಂಟರ್ ಓಡಿಬಂದು ಅವನ ತೋಳು ಹಿಡಿದ. "ಸಾಕು ನಿಲ್ಸೋ, ಆ ಕಡೆ ನೋಡೋ" ಎಂದ. ಮೇಸ್ತ್ರಿ ತಿರುಗಿ ನೋಡಿದ. ಸುತ್ತಿಗೆ ಕೈಯಲ್ಲೇ ಇತ್ತು. ಸಮಾಧಾನ ಮಾಡಲೆಂದು ಅವನು ಗೂಡಿನತ್ತ ಒಂದು ಹೆಜ್ಜೆ ಇಟ್ಟದ್ದೇ ತಡ, ಚಕ್ಕೆ ಹೊಸದಾಗಿ ಹೊಲಿದ ಆ ಕಾಲನ್ನೂ ಊರಿ ಹಿಂದಕ್ಕೆ ಸರಿದಳು, ಗೋಡೆಗೆ ಅಂಟಿ ನಿಂತು ಹಲ್ಲು ತೋರಿಸಿದಳು. ಅವನು ಅಲ್ಲೇ, ಒಡೆದ ಟೈಲ್ಸುಗಳ ಮೇಲೆ ಕುಸಿದು ಕೂತ.

ಗಾಯ ವಾಸಿಯಾಗಲಿಲ್ಲ. ಮೊದಲು ಬಾವು, ಆಮೇಲೆ ಜ್ವರ, ಆಮೇಲೆ ಹೊಲಿಗೆಯ ಸಂದಿಯಿಂದ ಕೀವು. ಇಂಜೆಕ್ಷನ್ ಬದಲಾಯಿಸಿ ನೋಡಿದರು, ಗಾಯ ಬಿಚ್ಚಿ ತೊಳೆದರು. ದಿನವೂ ಬ್ಯಾಂಡೇಜು ಬಿಚ್ಚಿ ಕಟ್ಟುವುದು ಮೇಸ್ತ್ರಿಯದೇ ಕೆಲಸ. ಅವನು ಬಟ್ಟೆಯ ಸುರುಳಿ ಕೈಗೆತ್ತಿಕೊಂಡರೆ ಸಾಕು, ಚಕ್ಕೆ ನಡುಗಲು ಶುರುಮಾಡುತ್ತಿದ್ದಳು. ಅತ್ತೆ ಅವಳ ತಲೆಯನ್ನು ತಬ್ಬಿ ಹಿಡಿದು, ಕಣ್ಣು ಮುಚ್ಚಿ, ಏನೋ ಗುನುಗುತ್ತಿದ್ದರು. ಅಳಿಯ, ಅತ್ತೆ ಇಬ್ಬರೂ ಒಂದೇ ನಾಯಿಯ ಮೇಲೆ ಬಾಗಿ ಕೂತಿರುತ್ತಿದ್ದರು. ಆದರೆ ಅವಳ ಮೂಲಕ ಮಾತಾಡುವುದು ನಿಂತುಹೋಗಿತ್ತು. ಆ ಸ್ಥಿತಿಯಲ್ಲಿರುವವಳ ಕೈಯಲ್ಲಿ ಊಟ ಆರುತ್ತಿದೆ ಎಂದು ಹೇಳಿಕಳಿಸುವುದು ಹೇಗೆ? ಊಟ ಆರುತ್ತಿತ್ತು, ಅವರು ಸುಮ್ಮನೆ ತಿನ್ನುತ್ತಿದ್ದರು.

ಕೊನೆಗೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸೋಂಕು ಮೂಳೆಗೆ ಇಳಿದಿದೆ. ಕಾಲು ಉಳಿಯುವುದಿಲ್ಲ. ಭುಜದವರೆಗೆ ತೆಗೆದರೆ ಜೀವ ಉಳಿಯಬಹುದು. ಬೇಡವೆಂದರೆ ಇಂಜೆಕ್ಷನ್ ಕೊಟ್ಟು ನೋವಿಲ್ಲದಂತೆ ಶಾಶ್ವತವಾಗಿ ಮಲಗಿಸಿಬಿಡಬಹುದು. ಮೇಸ್ತ್ರಿಯ ತಲೆಯೊಳಗೆ ಒಂದೇ ಯೋಚನೆ ಗಾಣದ ಹಾಗೆ ಸುತ್ತುತ್ತಿತ್ತು. ಆ ಬಾಗಿದ ಕಾಲು ಏನು ಮಾಡಿತ್ತು? ಓಡುತ್ತಿತ್ತು. ಕುಣಿಯುತ್ತಿತ್ತು. ಅದು ಅವಳ ಕಾಲಾಗಿತ್ತು.

"ತೆಗೀರಿ" ಎಂದರು ಅತ್ತೆ. "ಜೀವ ಇರ್ಲಿ. ಆ ಮನೆಯಿಂದ ಇನ್ನೊಬ್ಬರನ್ನ ಕಳಿಸೋಕೆ ನನ್ ಕೈಲಾಗಲ್ಲ." ಆಮೇಲೆ ಅಳಿಯನ ಕಡೆ ತಿರುಗಿ, "ನೀವು ಹೊರಗೆ ಕೂತಿರಿ, ನಾನು ಇರ್ತೀನಿ ಇವಳ ಹತ್ರ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸ್ವಲ್ಪ ಸಲೀಸಾಗುತ್ತಿತ್ತೇನೋ. ಅವನು ಎದ್ದು ಹೊರಗೆ ಹೋದ. ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಒಂದು ಕಲ್ಲು ಮೇಲೆದ್ದು ಓರೆಯಾಗಿತ್ತು. ಅದನ್ನು ಎಡವಿಕೊಂಡು ಎಷ್ಟೋ ಜನ ಹೋದರು. ಅವನು ನೋಡುತ್ತಾ ಕೂತಿದ್ದ.

ಚಕ್ಕೆ ಬದುಕಿದಳು. ಮೂರು ಕಾಲಿನ ಮೇಲೆ ನಿಲ್ಲುವುದನ್ನು ಕಲಿತಳು, ಆಮೇಲೆ ನಡೆಯುವುದನ್ನೂ ಕಲಿತಳು. ಹೆಜ್ಜೆಗೊಮ್ಮೆ ತಲೆ ಕೆಳಕ್ಕೆ ಹೋಗಿ ಮೇಲೆ ಬರುತ್ತದೆ, ಬಹಳ ಹೊತ್ತು ನಡೆಯಲಾರಳು. ಎಲ್ಲರೂ, ನಾಯಿಗಳು ಬೇಗ ಹೊಂದಿಕೊಳ್ಳುತ್ತವೆ, ಮೂರು ಕಾಲು ಅವಕ್ಕೆ ಧಾರಾಳವಾಯಿತು ಎಂದರು. ಇರಬಹುದು. ಆದರೆ ಚಕ್ಕೆ ಬೀದಿಗೆ ಹೋಗುವುದನ್ನು ಬಿಟ್ಟಳು. ಬೆಲ್ ಹೊಡೆದರೆ ಬೊಗಳುವುದಿಲ್ಲ, ಮಂಚದ ಕೆಳಗೆ ಹೋಗುತ್ತಾಳೆ. ಅತ್ತೆಯ ಕಾಲಬುಡ ಬಿಟ್ಟು ಕದಲುವುದಿಲ್ಲ. ಮೇಸ್ತ್ರಿ ಮನೆಯೊಳಗೆ ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಮೊದಮೊದಲು ಅವನು ಅವಳ ಮುಂದೆ ನೆಲದ ಮೇಲೆ ಮಲಗಿ, ಕೈ ಚಾಚಿ ಕಾಯುತ್ತಿದ್ದ. ಬಿಸ್ಕತ್ತು ಇಟ್ಟುಕೊಂಡು ಕಾಯುತ್ತಿದ್ದ. ಅವನ ಕೈ ನೋಡಿದೊಡನೆ ಅವಳ ಬೋಳು ಭುಜದ ಚರ್ಮ ನಡುಗುತ್ತಿತ್ತು, ಅಲ್ಲಿ ಇನ್ನೂ ಕಾಲು ಇದೆಯೇನೋ, ಅದನ್ನು ಯಾರೋ ಮಡಚಲು ಬರುತ್ತಿದ್ದಾರೇನೋ ಎನ್ನುವಂತೆ. ಅದನ್ನು ಕಂಡ ಮೇಲೆ ಅವನು ಕೈ ಚಾಚುವುದನ್ನು ಬಿಟ್ಟ.

ಈಗ ಅವನು ಕೆಲಸಕ್ಕೆ ಹೋಗುತ್ತಾನೆ. ಜನ ಹೊಳೆಯುವ ಟೈಲ್ಸನ್ನೇ ಕೇಳುತ್ತಾರೆ, ಕೇಳಿದ್ದನ್ನು ಹಾಕಿಕೊಡುತ್ತಾನೆ. ರಸಮಟ್ಟದ ಗುಳ್ಳೆ ಒಂದಿಷ್ಟು ಆಚೀಚೆ ನಿಂತರೆ ಮೊದಲಿನ ಹಾಗೆ ಎತ್ತಿ ಹಾಕುವುದಿಲ್ಲ. ಯಾರಿಗೂ ಅದು ಕಾಣುವುದೂ ಇಲ್ಲ. ಮನೆಯ ಹಾಲಿನಲ್ಲಿ ಒಡೆದಷ್ಟು ಜಾಗಕ್ಕೆ ಒರಟು ಸಿಮೆಂಟು ಬಳಿದು ಬಿಟ್ಟಿದ್ದಾನೆ. ಇನ್ನರ್ಧದಲ್ಲಿ ಹಳೆಯ ಟೈಲ್ಸು ಹಾಗೇ ಹೊಳೆಯುತ್ತವೆ. ಚಕ್ಕೆ ಆ ಕಡೆಗೆ ಹೋಗುವುದಿಲ್ಲ. ಅತ್ತೆ ಈಗ ಅವನ ಹತ್ತಿರ ನೇರವಾಗಿಯೇ ಮಾತಾಡುತ್ತಾರೆ. ನೀರು ಕಾದಿದೆ, ಬಟ್ಟೆ ಒಣಗಿದೆ, ಇಷ್ಟೇ.

ಮೊನ್ನೆ ಅತ್ತೆ ಕಣ್ಣು ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಬೇಕಾಯಿತು. ಪೇಂಟರನ ಹೆಂಡತಿ ಜೊತೆಗೆ ಹೋದಳು. ಮಧ್ಯಾಹ್ನ ನಾಯಿಗೆ ಹಾಕುವವರು ಯಾರೂ ಇಲ್ಲವೆಂದು ಮೇಸ್ತ್ರಿ ಕೆಲಸದಿಂದ ಮನೆಗೆ ಬಂದ. ಬಟ್ಟಲಿಗೆ ಬ್ರೆಡ್ಡು, ಹಾಲು, ಬೇಯಿಸಿ ಸಿಪ್ಪೆ ಬಿಡಿಸಿದ ಮೊಟ್ಟೆ ಹಾಕಿ ಮಂಚದ ಬಳಿ ಇಟ್ಟ. ಮಂಚದ ಕೆಳಗಿನ ಕತ್ತಲಿನಲ್ಲಿ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಅವನು ಹಿಂದೆ ಸರಿದು ಗೋಡೆಗೊರಗಿ ನಿಂತ, ಕಣ್ಣುಗಳು ಕದಲಲಿಲ್ಲ. ಅಡುಗೆಮನೆಗೆ ಹೋಗಿ ನಿಂತ, ಆಗಲೂ ಅವಳು ಹೊರಗೆ ಬರಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿ, ಬಾಗಿಲನ್ನು ಸದ್ದಾಗುವಂತೆ ಮುಚ್ಚಿ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಯಾರೋ, ಏನು ಮೇಸ್ತ್ರಿ, ಮನೆಯಿಂದ ಹೊರಗೆ ಹಾಕಿದ್ರಾ ಎಂದು ನಗೆಯಾಡಿ ಹೋದರು. ಅವನೂ ಕೈ ಎತ್ತಿದ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಸಿಮೆಂಟಿನ ಮೇಲೆ ಉಗುರು ಕೆರೆಯುವ ಸದ್ದು ಬಂತು. ನಿಂತಿತು. ಮತ್ತೆ ಬಂತು. ಆಮೇಲೆ ಬಟ್ಟಲು ನೆಲದ ಮೇಲೆ ಸರಿಯುವ, ನಾಲಗೆ ಲೊಚಲೊಚ ಅನ್ನುವ ಸದ್ದು. ಮೇಸ್ತ್ರಿ ಉಸಿರು ಕೂಡ ಜೋರಾಗಿ ಬಿಡದೆ ಕೇಳಿಸಿಕೊಂಡ. ಸದ್ದು ನಿಂತ ಮೇಲೂ, ಅವಳು ಮಂಚದ ಕೆಳಗೆ ಹಿಂತಿರುಗುವಷ್ಟು ಹೊತ್ತು ಬಿಟ್ಟು, ಅದಕ್ಕಿಂತಲೂ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಬಿಸಿಲಿನಲ್ಲಿ ಕೂತಿದ್ದ. ಬಟ್ಟಲು ತೊಳೆಯಲು ಒಳಗೆ ಹೋಗಬೇಕಾಗಿತ್ತು, ಅವಳ ಎದುರಿಗೆ ಬೀಳದೆ.